ಒಂದಕ್ಕೆ ಎರಡು: ಚಾಲ್ತಿ ಅನುಪಾತ ನಡೆದು ಬಂದ ದಾರಿ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆ ಹೊರಬರುತ್ತಿರುವುದು ಊರಿಗೇ ಸಂತೋಷದ ವಿಷಯ. ನೀವೂ ಏನಾದರೂ ಬರೆದುಕೊಡಬೇಕು ಎಂದು ಸಂಪಾದಕ ಮಂಡಳಿಯವರು ಗಂಟುಬಿದ್ದರು. ನಾವು ಎಸ್.ಎಸ್.ಎಲ್.ಸಿ. ತನಕ ಓದಿ, ಆಮೇಲೆ ಹೊಲದಲ್ಲೇ ಪಾಠ ಕಲಿತವರು. ಸಂಘ ಹುಟ್ಟಿದ ಕಥೆ, ಸ್ಥಾಪಕ ಹಿರಿಯರು ಮನೆಮನೆ ತಿರುಗಿ ಷೇರು ಕೂಡಿಸಿದ ಕಥೆ, ಇವನ್ನೆಲ್ಲ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆದಿದ್ದಾರೆ. ಆದ್ದರಿಂದ ನಾವು ಬೇರೊಂದು ಇತಿಹಾಸ ಹೇಳಬೇಕೆಂದಿದ್ದೇವೆ. ಅಢಾವೆ ಪತ್ರಿಕೆಯ ಮೂಲೆಯಲ್ಲಿ ಬರುವ ಒಂದು ಸಣ್ಣ ಭಾಗಾಕಾರದ ಇತಿಹಾಸ ಅದು. ಓದುಗರು ಬೇಸರ ಮಾಡಿಕೊಳ್ಳಬಾರದು. ಈ ಭಾಗಾಕಾರ ತಿಳಿಯದೆ ನಾವು ಪಟ್ಟ ಪಾಡು ಸಣ್ಣದಲ್ಲ.

ನಾವು ನಿರ್ದೇಶಕರಾಗಿ ಆರಿಸಿ ಬಂದ ಮೊದಲ ವರ್ಷ ತಾಲೂಕಿನಲ್ಲಿ ಎರಡು ದಿವಸದ ತರಬೇತಿ ಇತ್ತು. ಮೊದಲನೇ ದಿವಸ ಊಟದ ಮೇಲೆ ಅಧಿಕಾರಿಯೊಬ್ಬರು ಕರಿ ಹಲಗೆಯ ಮೇಲೆ ‘ಕರೆಂಟ್ ರೇಶಿಯೋ’ ಎಂದು ಬರೆದರು. ನಮ್ಮ ಬಾಜೂಕ ಕುಂತಿದ್ದ ಬೇರೆ ಊರಿನ ನಿರ್ದೇಶಕರು, “ಇದು ನಮಗ ಗೊತ್ತೈತಿ ಬಿಡ್ರಿ ಸಾಹೇಬ್ರ, ಹಗಲು ನಾಕು ತಾಸು, ರಾತ್ರಿ ಮೂರು ತಾಸು” ಅಂದರು. ಪಂಪ್‌ಸೆಟ್ಟಿನ ಕರೆಂಟು! ಇಡೀ ಸಭೆ ನಕ್ಕಿತು, ಸಾಹೇಬರೂ ನಕ್ಕರು. ಆ ನಗೆಯಲ್ಲಿ ನಾವು ಪಾಠ ಅರ್ಧ ಕೇಳಿದೆವು, ಅರ್ಧ ಬಿಟ್ಟೆವು. ಬಿಟ್ಟ ಅರ್ಧಕ್ಕೆ ಎರಡು ವರ್ಷದ ಮೇಲೆ ದಂಡ ಕಟ್ಟಿದೆವು.

ಕನ್ನಡದಲ್ಲಿ ಇದಕ್ಕೆ ಚಾಲ್ತಿ ಅನುಪಾತ ಎನ್ನುತ್ತಾರೆ. ಒಂದು ವರ್ಷದ ಒಳಗೆ ರೊಕ್ಕವಾಗಿ ಕೈಗೆ ಬರುವ ಆಸ್ತಿ ಚಾಲ್ತಿ ಆಸ್ತಿ. ತಿಜೋರಿಯ ನಗದು, ಬ್ಯಾಂಕಿನಲ್ಲಿರುವ ಹಣ, ಗೋದಾಮಿನ ಮಾಲು, ವಸೂಲಿಗೆ ಬರಬೇಕಾದ ಬಾಕಿ, ಇವೆಲ್ಲ ಅದರಲ್ಲಿ ಬರುತ್ತವೆ. ಒಂದು ವರ್ಷದ ಒಳಗೆ ಕೊಡಲೇಬೇಕಾದದ್ದು ಚಾಲ್ತಿ ಜವಾಬ್ದಾರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಅನುಪಾತ ಸಿಕ್ಕಿತು. ಎರಡು ಲಕ್ಷ ಬರುವುದಿದ್ದು ಒಂದು ಲಕ್ಷ ಕೊಡುವುದಿದ್ದರೆ ಅನುಪಾತ ಎರಡು. ಲೆಕ್ಕ ಇಷ್ಟೇ, ನಾಲ್ಕನೇ ಇಯತ್ತೆಯ ಹುಡುಗನೂ ಮಾಡುತ್ತಾನೆ. ಇಪ್ಪತ್ತು ಎಕರೆ ಎರೆ ಹೊಲ ಇದ್ದವನ ಮನೆಯಲ್ಲೂ ಪಂಚಮಿಗೆ ಉಂಡಿ ಕಟ್ಟಲು ಅಂಗಡಿಯಿಂದ ಬೆಲ್ಲ ಉದ್ರಿ ತರುವುದನ್ನು ನಾವು ಕಂಡಿಲ್ಲವೇ? ಅವನು ಬಡವನಲ್ಲ. ಆದರೆ ಆ ಹೊತ್ತಿಗೆ ಅವನ ಕೈ ಖಾಲಿ. ಹೊಲ ಹೆಗಲ ಮೇಲೆ ಹೊತ್ತು ಅಂಗಡಿಗೆ ಹೋಗಲು ಬರುವುದಿಲ್ಲ.

ಈಗ ನಮ್ಮ ಪಾಡು ಹೇಳುತ್ತೇವೆ. ಆ ವರ್ಷ ಸಂಘಕ್ಕೆ ಲಾಭ ಬಂದಿತ್ತು. ಮಹಾಸಭೆಯಲ್ಲಿ ಡಿವಿಡೆಂಡ್ ಸಾರಿದ್ದೆವು, ಚಪ್ಪಾಳೆ ಬಿದ್ದಿತ್ತು. ಸಂಘದ ಮೇಲೆ ಒಂದು ಅಂತಸ್ತು ಎಬ್ಬಿಸಿ ಸಭಾಭವನ ಕಟ್ಟಿದ್ದೆವು. ಮುಂದೆ ರೋಹಿಣಿ ಮಳೆ ಆಗಿ ಮಿರಗ ಹೂಡುವ ಹೊತ್ತಿಗೆ ಗೊಬ್ಬರದ ಲಾರಿ ತರಿಸಬೇಕು, ಮುಂಗಡ ಕಟ್ಟಲು ರೊಕ್ಕ ಇಲ್ಲ. ಅದೇ ವಾರ ಒಬ್ಬ ತಾಯಿ ಬಂದರು. ಗಂಡ ತೀರಿದ ಮೇಲೆ ಎರಡು ಎಕರೆ ಹೊಲ ಮಾರಿ ಬಂದ ಹಣವನ್ನು ನಮ್ಮಲ್ಲಿ ಒಂದು ವರ್ಷದ ಠೇವಣಿ ಇಟ್ಟಿದ್ದರು. ಅವಧಿ ಮುಗಿದಿತ್ತು. “ತಮ್ಮಾ, ನಿಮ್ಮನ್ನ ನಂಬಿ ಇಟ್ಟೇನಿ. ಹುಡುಗನ ಕಾಲೇಜಿನ ಫೀ ಕಟ್ಟಾಕ ನಾಡದು ಕಡೀ ದಿನ ಐತಿ” ಅಂದರು. ಕಾರ್ಯದರ್ಶಿಗಳು ನಮ್ಮ ಮುಖ ನೋಡಿದರು, ನಾವು ಅಧ್ಯಕ್ಷರ ಮುಖ ನೋಡಿದೆವು. ಆ ತಾಯಿ ಮೂರು ಸಲ ಬಂದು ಹೋಗಬೇಕಾಯಿತು. ಕಡೆಗೆ ನಾಲ್ಕು ಮಂದಿ ನಿರ್ದೇಶಕರು ಮನೆಯ ಬಂಗಾರ ಅಡವಿಟ್ಟು ಹಣ ಹೊಂದಿಸಿದೆವು. ಗೊಬ್ಬರ ಹನ್ನೆರಡು ದಿನ ತಡವಾಗಿ ಬಂತು. ಅಷ್ಟರಲ್ಲಿ ಎಷ್ಟೋ ಸದಸ್ಯರು ಪೇಟೆಯ ಅಂಗಡಿಯಲ್ಲಿ ಹೆಚ್ಚಿನ ದರಕ್ಕೆ ಉದ್ರಿ ಒಯ್ದಿದ್ದರು.

ಮುಂದಿನ ಮಹಾಸಭೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಎದ್ದು ನಿಂತು, “ಲಾಭ ಐತಿ ಅಂತೀರಿ. ಹಂಗಾರ ರೊಕ್ಕ ಎಲ್ಲೈತ್ರಿ?” ಎಂದು ಕೇಳಿದರು. ಅವತ್ತು ನಮ್ಮ ಯಾರ ಬಳಿಯೂ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಈ ಅನುಪಾತದ ಹಿಂದಿನ ಕಥೆ ಗೊತ್ತಾಯಿತು.

ಹಿಂದಿನ ಕಾಲದಲ್ಲಿ ಸಾಲ ಕೊಡುವ ಸಾಹುಕಾರನಿಗೆ ಅನುಪಾತ ಬೇಕಿರಲಿಲ್ಲ. ಯಾರ ಮನೆಯಲ್ಲಿ ಎಷ್ಟು ಎತ್ತು, ಯಾರ ಹಗೇವಿನಲ್ಲಿ ಎಷ್ಟು ಜೋಳ, ಯಾರು ಮಾತಿಗೆ ತಪ್ಪುವವರು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮುಖ ನೋಡಿ ಸಾಲ. ಬೇರೆ ದೇಶಗಳಲ್ಲೂ ಬಹುಕಾಲ ಹೀಗೇ ನಡೆದಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ನಂತರ ರೈಲು ಹಬ್ಬಿತು, ಕಾರ್ಖಾನೆಗಳು ಬೆಳೆದವು, ಕಂಪನಿ ಒಂದು ಊರಲ್ಲಿ, ಸಾಲ ಕೊಡುವ ಬ್ಯಾಂಕು ಇನ್ನೊಂದು ಊರಲ್ಲಿ ಎಂಬಂತಾಯಿತು. ಮುಖ ಕಾಣದಷ್ಟು ದೂರವಾದ ಮೇಲೆ ಕಾಗದ ನೋಡಿ ಸಾಲ ಕೊಡಬೇಕಾಯಿತು. 1893ರಲ್ಲಿ ಅಲ್ಲಿ ದೊಡ್ಡ ಹಣಕಾಸು ಗಾಬರಿ ಎದ್ದು ನೂರಾರು ಬ್ಯಾಂಕುಗಳು ಬಾಗಿಲು ಹಾಕಿದವು. 1895ರಲ್ಲಿ ನ್ಯೂಯಾರ್ಕ್ ರಾಜ್ಯದ ಬ್ಯಾಂಕರುಗಳ ಸಂಘವು, ಸಾಲ ಕೇಳುವವರಿಂದ ಆಸ್ತಿ-ಜವಾಬ್ದಾರಿಗಳ ಸಹಿ ಮಾಡಿದ ಪಟ್ಟಿ ಪಡೆಯಿರಿ ಎಂದು ತನ್ನ ಸದಸ್ಯರಿಗೆ ಶಿಫಾರಸು ಮಾಡಿತು.

ಪಟ್ಟಿಗಳು ರಾಶಿ ಬಿದ್ದವು. ಅವನ್ನು ನೋಡುವುದು ಹೇಗೆ? ಬ್ಯಾಂಕಿನವನು ಕೊಡುವುದು ಕೆಲವು ತಿಂಗಳ ಸಾಲ. ಕಾರ್ಖಾನೆಯ ಕಟ್ಟಡ ಮಾರಿ ತನ್ನ ಸಾಲ ತೀರಿಸಲಿ ಎಂದು ಅವನು ಬಯಸುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಬೇಗ ರೊಕ್ಕವಾಗುವುದನ್ನೂ ಆಗದ್ದನ್ನೂ ಬೇರೆ ಬೇರೆ ಬರೆಯುವ ಪದ್ಧತಿ 1890ರ ದಶಕದಲ್ಲಿ ಬೆಳೆಯಿತು. ಈ ಪದ್ಧತಿಯ ಹೊಟ್ಟೆಯಲ್ಲೇ ಚಾಲ್ತಿ ಅನುಪಾತ ಹುಟ್ಟಿತು. ಸಾಲ ಕೊಡುವವನು ತನ್ನ ಸುರಕ್ಷತೆಗಾಗಿ ಕಂಡುಹಿಡಿದುಕೊಂಡ ಅಳತೆ ಇದು ಎಂಬುದನ್ನು ಓದುಗರು ಗಮನಿಸಬೇಕು. ಒಂದಕ್ಕೆ ಎರಡು ಇರಬೇಕು ಎಂಬ ನಿಯಮವೂ ಅಲ್ಲಿಂದಲೇ ಬಂತು. ಅದರ ಹಿಂದಿನ ಯೋಚನೆ ಸರಳ. ಕಷ್ಟ ಬಂದು ಮಾಲು ಅರ್ಧ ಬೆಲೆಗೆ ಹೋದರೂ ಸಾಲ ಪೂರ್ತಿ ತೀರಬೇಕು. ಉಳ್ಳಾಗಡ್ಡಿ ದರ ಬಿದ್ದಾಗ ನಾವು ಚೀಲಕ್ಕೆ ಅರ್ಧ ಬೆಲೆಯೂ ಕಾಣದೆ ಬಂದವರು. ಈ ಯೋಚನೆಯನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಇನ್ನೂ ಬಿಗಿಯಾದ ಒಂದು ಪರೀಕ್ಷೆ ಬಂತು. ಮಾಲನ್ನು ಬಿಟ್ಟು, ನಗದು ಮತ್ತು ಬರುವ ಬಾಕಿ ಮಾತ್ರ ಎಣಿಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ಆ್ಯಸಿಡ್ ಟೆಸ್ಟ್ ಎನ್ನುತ್ತಾರೆ. ಬಂಗಾರವನ್ನು ಆಮ್ಲ ಹಾಕಿ ನೋಡುವುದರಿಂದ ಬಂದ ಹೆಸರು. ಪತ್ತಾರರ ಒರೆಗಲ್ಲು ಅಂದರೂ ನಡೆದೀತು.

1919ರಲ್ಲಿ ಅಲೆಕ್ಸಾಂಡರ್ ವಾಲ್ ಎಂಬವರು ಅಮೆರಿಕದ ಫೆಡರಲ್ ರಿಸರ್ವ್ ಬುಲೆಟಿನ್ನಿನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 981 ವ್ಯಾಪಾರ ಸಂಸ್ಥೆಗಳ ಲೆಕ್ಕ ತೆಗೆದು ಏಳು ಬಗೆಯ ಅನುಪಾತ ಹಾಕಿ, ಕಸಬಿನ ಪ್ರಕಾರ, ಪ್ರದೇಶದ ಪ್ರಕಾರ ಬೇರೆ ಬೇರೆ ಮಾಡಿ ತೋರಿಸಿದರು. ಎಲ್ಲ ಕಸಬಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ, ಒಂದೇ ಅನುಪಾತ ನೋಡಿ ಸಾಲ ಕೊಡುವುದೂ ಸರಿಯಲ್ಲ ಎಂಬುದು ಅದರಿಂದ ತಿಳಿಯಿತು. ನಾವೇ ನೋಡಿ, ಖಾನಾವಳಿಯವರು ಬೆಳಿಗ್ಗೆ ಕಾಯಿಪಲ್ಲೆ ತಂದು ಮಧ್ಯಾಹ್ನವೇ ರೊಟ್ಟಿ ಊಟ ಮಾರಿ ನಗದು ಎಣಿಸುತ್ತಾರೆ, ಕಿರಾಣಿಯವನಿಗೆ ತಿಂಗಳ ಕೊನೆಗೆ ಕೊಡುತ್ತಾರೆ. ಅವರ ಅನುಪಾತ ಒಂದಕ್ಕಿಂತ ಕಡಿಮೆ ಬಂದರೂ ಖಾನಾವಳಿ ಚೆನ್ನಾಗಿಯೇ ನಡೆಯುತ್ತದೆ. ಬೀಜ-ಗೊಬ್ಬರದ ವ್ಯಾಪಾರ ಹಾಗಲ್ಲ. ಮಿರಗಕ್ಕೆ ಉದ್ರಿ ಕೊಟ್ಟದ್ದು ಸುಗ್ಗಿಗೆ ಬರಬೇಕು, ಮಳೆ ಕೈಕೊಟ್ಟರೆ ಅದೂ ಇಲ್ಲ. ಇಲ್ಲಿ ಅನುಪಾತ ಎರಡಿದ್ದರೂ ನಿದ್ದೆ ಬರುವುದಿಲ್ಲ.

ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ ಸಹಕಾರಿ ಅಂಗಡಿ ತೆರೆದ ನೇಕಾರರು ಮತ್ತಿತರ ದುಡಿಯುವ ಜನ ಈ ಅನುಪಾತದ ಹೆಸರನ್ನೇ ಕೇಳಿದವರಲ್ಲ. ಆದರೆ ಅವರ ಅಂಗಡಿಯಲ್ಲಿ ಉದ್ರಿ ಇರಲಿಲ್ಲ, ಎಲ್ಲವೂ ನಗದು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಇಟ್ಟುಕೊಂಡು 28 ಪೌಂಡಿನ ಬಂಡವಾಳದಲ್ಲಿ ಆರಂಭಿಸಿದ ಆ ಅಂಗಡಿ ಉಳಿದು ಬೆಳೆಯಿತು. ನಮ್ಮ ಸಂಘದಲ್ಲಿ ‘ಉದ್ರಿ ನಾಳೆ’ ಎಂಬ ಫಲಕ ಹಾಕಿದ ದಿವಸವೇ ಮೊದಲ ಉದ್ರಿ ಒಯ್ದವರು ಯಾರು ಎಂಬುದನ್ನು ಇಲ್ಲಿ ಬರೆಯುವುದು ಬೇಡ, ಅವರೂ ಈ ಸಂಚಿಕೆ ಓದುತ್ತಾರೆ.

ನಮ್ಮ ದೇಶಕ್ಕೆ ಸಹಕಾರಿ ಪತ್ತಿನ ಕಾನೂನು ಬಂದದ್ದು 1904ರಲ್ಲಿ. ಮರುವರ್ಷ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಸಂಘ ಹುಟ್ಟಿತೆಂಬುದು ನಮ್ಮ ಭಾಗದವರಿಗೆಲ್ಲ ಹೆಮ್ಮೆಯ ಸಂಗತಿ. ಆ ಕಾನೂನಿನ ಪ್ರಕಾರ ಹಳ್ಳಿಯ ಸಂಘಗಳ ಹೊಣೆ ಸಾಮಾನ್ಯವಾಗಿ ಅಪರಿಮಿತ. ಅಂದರೆ ಸಂಘ ಮುಳುಗಿದರೆ ಸದಸ್ಯನ ಮನೆ-ಹೊಲದವರೆಗೂ ಬರುವಂಥದ್ದು. ಜರ್ಮನಿಯಲ್ಲಿ ರೈಫೈಸನ್ ಅವರು ಹಾಕಿದ ದಾರಿ ಅದು. ಊರವರೆಲ್ಲ ಒಬ್ಬರಿಗೊಬ್ಬರು ಜಾಮೀನು ನಿಂತಾಗ ಯಾರ ಕೈಯಲ್ಲಿ ಏನಿದೆ ಎಂಬುದರ ಮೇಲೆ ಎಲ್ಲರ ಕಣ್ಣೂ ಇರುತ್ತಿತ್ತು. ಮುಂದೆ ಹೊಣೆ ಷೇರಿನಷ್ಟಕ್ಕೆ ಸೀಮಿತವಾಯಿತು, ಸಂಘಗಳು ದೊಡ್ಡವಾದವು. ಒಳ್ಳೆಯದೇ ಆಯಿತು, ಆದರೆ ಆ ಕಣ್ಣು ಮಂಜಾಯಿತು ಎಂದು ನಮ್ಮ ಅಭಿಪ್ರಾಯ.

ಭಾರತದಲ್ಲಿ ಈ ಅನುಪಾತವನ್ನು ದೊಡ್ಡದಾಗಿ ಜಾರಿಗೆ ತಂದದ್ದು ಟಂಡನ್ ಸಮಿತಿ. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ರೈತರಿಗೆ, ಸಣ್ಣವರಿಗೆ ಸಾಲ ಸಿಗಬೇಕೆಂಬುದು ಉದ್ದೇಶ. ಆದರೆ ದೊಡ್ಡ ಕಂಪನಿಗಳು ಬ್ಯಾಂಕಿನ ಹಣ ತಂದು ಬೇಕಾದ್ದಕ್ಕಿಂತ ಹೆಚ್ಚು ಮಾಲು ಪೇರಿಸಿಡುತ್ತಿದ್ದವು. 1974ರಲ್ಲಿ ರಿಸರ್ವ್ ಬ್ಯಾಂಕು ಪಿ.ಎಲ್. ಟಂಡನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು, 1975ರಲ್ಲಿ ವರದಿ ಬಂತು. ಅವರು ಹೇಳಿದ ಎರಡನೇ ವಿಧಾನವನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕಂಪನಿಯ ಚಾಲ್ತಿ ಆಸ್ತಿ ನೂರು ರೂಪಾಯಿ ಇದ್ದರೆ ಅದರಲ್ಲಿ ಇಪ್ಪತ್ತೈದು ರೂಪಾಯಿ ಮಾಲೀಕರ ಬಂಡವಾಳ ಅಥವಾ ದೀರ್ಘಾವಧಿ ಹಣದಿಂದ ಬರಬೇಕು. ಉಳಿದ ಎಪ್ಪತ್ತೈದು ಮಾತ್ರ ಉದ್ರಿ ಮತ್ತು ಬ್ಯಾಂಕಿನ ಅಲ್ಪಾವಧಿ ಸಾಲದಿಂದ. ನೂರನ್ನು ಎಪ್ಪತ್ತೈದರಿಂದ ಭಾಗಿಸಿ, 1.33 ಬರುತ್ತದೆ. ಬ್ಯಾಂಕು ಮ್ಯಾನೇಜರುಗಳು ಮಂತ್ರದ ಹಾಗೆ ಹೇಳುತ್ತಿದ್ದ 1.33 ಹುಟ್ಟಿದ್ದು ಹೀಗೆ. 1979ರಲ್ಲಿ ನೇಮಕವಾದ ಚೋರೆ ಸಮಿತಿಯೂ ಈ ಎರಡನೇ ವಿಧಾನವನ್ನೇ ಎತ್ತಿಹಿಡಿಯಿತು. ಸಣ್ಣ ಉದ್ದಿಮೆಗಳಿಗೆ ನಾಯಕ್ ಸಮಿತಿ ವಹಿವಾಟಿನ ಆಧಾರದ ಸುಲಭ ಲೆಕ್ಕ ಹೇಳಿತು. 1997ರಲ್ಲಿ ರಿಸರ್ವ್ ಬ್ಯಾಂಕು ಕಡ್ಡಾಯ ತೆಗೆದು ಆಯಾ ಬ್ಯಾಂಕುಗಳ ವಿವೇಚನೆಗೆ ಬಿಟ್ಟಿತು. ಕಡ್ಡಾಯ ಹೋದರೂ 1.33 ಬ್ಯಾಂಕಿನವರ ಬಾಯಿಂದ ಹೋಗಲಿಲ್ಲ.

ಅಳತೆ ಇದ್ದೂ ಮುಳುಗಿದವರ ಕಥೆ ಎರಡು ಹೇಳಬೇಕು. 1968ರಲ್ಲಿ ಅಮೆರಿಕದ ಎರಡು ದೊಡ್ಡ ರೈಲು ಕಂಪನಿಗಳು ಕೂಡಿ ಪೆನ್ ಸೆಂಟ್ರಲ್ ಎಂಬ ಕಂಪನಿಯಾಯಿತು. ಹಳಿ, ನಿಲ್ದಾಣ, ನ್ಯೂಯಾರ್ಕ್ ನಗರದ ನಡುವೆ ಬೆಲೆಕಟ್ಟಲಾಗದ ಜಾಗ, ಏನುಂಟು ಏನಿಲ್ಲ. ಆದರೆ ನಿತ್ಯದ ಖರ್ಚಿಗೆ ಕೆಲವು ತಿಂಗಳ ಅವಧಿಯ ಹುಂಡಿಯಂಥ ಕಾಗದ ಮಾರಿ ಹಣ ಎತ್ತುತ್ತಿತ್ತು. ಹಳೆಯದನ್ನು ತೀರಿಸಲು ಹೊಸದು. ಅಂಥದರಲ್ಲೂ 1969ರವರೆಗೆ ಷೇರುದಾರರಿಗೆ ಲಾಭಾಂಶ ಹಂಚಿತು. ಇದನ್ನು ಓದಿದಾಗ ನಮ್ಮ ಚಪ್ಪಾಳೆಯ ಮಹಾಸಭೆ ನೆನಪಾಗಿ ನಾಚಿಕೆಯಾಯಿತು. 1970ರ ಜೂನ್ 21ರಂದು ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಷ್ಟು ದೊಡ್ಡ ದಿವಾಳಿಯನ್ನು ಅಮೆರಿಕ ಅಲ್ಲಿಯವರೆಗೆ ಕಂಡಿರಲಿಲ್ಲ.

ನಮ್ಮ ದೇಶದ ಕಥೆ 2018ರದು. ಐ.ಎಲ್. ಅಂಡ್ ಎಫ್.ಎಸ್. ಎಂಬ ಸಂಸ್ಥೆ ರಸ್ತೆ, ಸುರಂಗ, ವಿದ್ಯುತ್ ಯೋಜನೆಗಳಿಗೆ ಹಣ ಹಾಕುತ್ತಿತ್ತು. ಜಮ್ಮು-ಕಾಶ್ಮೀರದಲ್ಲಿ 2017ರಲ್ಲಿ ತೆರೆದ ಚೆನಾನಿ-ನಾಶ್ರಿ ಸುರಂಗ ಅವರ ಸಮೂಹವೇ ಕಟ್ಟಿದ್ದು. ರಸ್ತೆಗೆ ಹಾಕಿದ ಹಣ ಹತ್ತು-ಇಪ್ಪತ್ತು ವರ್ಷಕ್ಕೆ ತಿರುಗಿ ಬರುವಂಥದ್ದು, ಆದರೆ ತಂದ ಸಾಲದಲ್ಲಿ ಎಷ್ಟೋ ಭಾಗ ತಿಂಗಳುಗಳಲ್ಲಿ ತೀರಿಸಬೇಕಾದದ್ದು. 2018ರ ಸೆಪ್ಟೆಂಬರದಲ್ಲಿ ಕಂತು ತಪ್ಪಿತು. ಸಮೂಹದ ಸಾಲ ಸುಮಾರು 91 ಸಾವಿರ ಕೋಟಿ. ಕೆಲವೇ ವಾರದ ಹಿಂದಿನವರೆಗೆ ಅದಕ್ಕೆ ಅತ್ಯುತ್ತಮ ದರ್ಜೆ ಇತ್ತು! ಅಕ್ಟೋಬರ್ 1ರಂದು ಕೇಂದ್ರ ಸರಕಾರ ಹಳೆಯ ಮಂಡಳಿಯನ್ನು ತೆಗೆದು ಹೊಸದನ್ನು ಕೂಡಿಸಿತು.

ಅವರದು ಸಾವಿರ ಕೋಟಿ, ನಮ್ಮದು ಲಕ್ಷ. ಆದರೆ ತಪ್ಪು ಒಂದೇ ಜಾತಿಯದು. ಮಾಸ್ತರರ ಪ್ರಶ್ನೆಯ ನಂತರ ಲೆಕ್ಕ ಬಲ್ಲ ಒಬ್ಬರನ್ನು ಕರೆಸಿ ನಮ್ಮ ತಖ್ತೆಯನ್ನು ಬಿಚ್ಚಿ ನೋಡಿದೆವು. ಚಾಲ್ತಿ ಆಸ್ತಿ 90 ಲಕ್ಷ, ಚಾಲ್ತಿ ಜವಾಬ್ದಾರಿ 60 ಲಕ್ಷ. ಅನುಪಾತ 1.5. ಟಂಡನ್ ಅವರೇ ಬಂದು ನೋಡಿದ್ದರೂ ಪಾಸು. ಒಳಗೆ ಇಳಿದಾಗ ಆ 90ರಲ್ಲಿ 34 ಲಕ್ಷ ಸುಸ್ತಿ ಬಾಕಿ ಎಂದು ಗೊತ್ತಾಯಿತು. ಮೂರು, ನಾಲ್ಕು ವರ್ಷದಿಂದ ಬಾರದ್ದನ್ನು ‘ವರ್ಷದೊಳಗೆ ಬರುವ’ ಆಸ್ತಿಯಲ್ಲಿ ಎಣಿಸಿದ್ದೆವು. ಇನ್ನು 3 ಲಕ್ಷದ ಮಾಲು ಬರೀ ಹೆಂಟೆಗಟ್ಟಿದ ಗೊಬ್ಬರ ಮತ್ತು ಅವಧಿ ಮೀರಿದ ಔಷಧ. ಅವೆರಡನ್ನೂ ಕಳೆದರೆ 53 ಲಕ್ಷ. 53ನ್ನು 60ರಿಂದ ಭಾಗಿಸಿದರೆ 0.88. ಅಂದರೆ ರೂಪಾಯಿ ಕೊಡಬೇಕಾದ ಕಡೆ ಎಂಬತ್ತೆಂಟು ಪೈಸೆ. ಮೇಲಿನ ಸಭಾಭವನಕ್ಕೆ ಹಾಕಿದ 15 ಲಕ್ಷ ಎಲ್ಲಿಂದ ಬಂದಿತ್ತು? ಸದಸ್ಯರ ಒಂದು ವರ್ಷದ ಠೇವಣಿಯಿಂದ! ಆ ತಾಯಿಯ ಹೊಲದ ರೊಕ್ಕ ನಮ್ಮ ಸಭಾಭವನದ ಗೋಡೆಯಾಗಿ ನಿಂತಿತ್ತು. ಷೇರು ಬಂಡವಾಳ, ಮೀಸಲು ನಿಧಿ ಕೂಡುವವರೆಗೆ ಕಾದು ಕಟ್ಟಿದ್ದರೆ ಜವಾಬ್ದಾರಿ 45 ಲಕ್ಷದಲ್ಲಿ ನಿಲ್ಲುತ್ತಿತ್ತು, ಅನುಪಾತ ಒಂದರ ಮೇಲೆಯೇ ಉಳಿಯುತ್ತಿತ್ತು. ಕಟ್ಟಡದ ಉದ್ಘಾಟನೆಯ ಫಲಕದಲ್ಲಿ ನಮ್ಮ ಹೆಸರೂ ಇದೆ.

ಇನ್ನೊಂದು ಗುಟ್ಟೂ ಹೇಳಿಬಿಡುತ್ತೇವೆ. ತಖ್ತೆ ಮಾರ್ಚ್ 31ರದು. ಆ ದಿವಸಕ್ಕೆ ಚಂದ ಕಾಣುವಂತೆ ಮಾಡುವ ದಾರಿಗಳಿವೆ. ಅನುಪಾತ ಒಂದಕ್ಕಿಂತ ಹೆಚ್ಚಿರುವ ಕಂಪನಿ ಕೊನೆಯ ದಿವಸ ಸ್ವಲ್ಪ ಸಾಲ ತೀರಿಸಿದರೆ ಸಾಕು. ಎರಡು ಲಕ್ಷ ಆಸ್ತಿ, ಒಂದು ಲಕ್ಷ ಸಾಲ, ಅನುಪಾತ ಎರಡು. ಅರ್ಧ ಲಕ್ಷ ತೀರಿಸಿ. ಆಸ್ತಿ ಒಂದೂವರೆ, ಸಾಲ ಅರ್ಧ, ಅನುಪಾತ ಮೂರು! ಎಪ್ರಿಲ್ ಎರಡಕ್ಕೆ ಮತ್ತೆ ಸಾಲ ತಂದರೆ ಯಾರಿಗೆ ಗೊತ್ತು? ನಮ್ಮ ಹಳ್ಳಿಯ ಪದ್ಧತಿ ಬೇರೆ. ಮಾರ್ಚಿನಲ್ಲಿ ನಾಲ್ಕು ದಿವಸಕ್ಕೆ ಕೈಗಡ ತಂದು ಬೆಳೆಸಾಲ ಕಟ್ಟುವುದು, ಸಾಲ ಹೊಸದು ಮಾಡಿಸಿಕೊಂಡು ಕೈಗಡ ತಿರುಗಿಸುವುದು. ಕಾಗದದಲ್ಲಿ ವಸೂಲಿ ಬಂತು, ತಿಜೋರಿಗೆ ಬರಲಿಲ್ಲ. ಇದನ್ನು ಮಾಡಿದವರಲ್ಲಿ ನಾವೂ ಇದ್ದೆವು.

ಠೇವಣಿ ತೆಗೆದುಕೊಂಡು ಸಾಲ ಕೊಡುವ ಸಂಸ್ಥೆಗೆ ಈ ಒಂದು ಅನುಪಾತ ಸಾಲದು. ಬ್ಯಾಂಕುಗಳಿಗೆ 1999ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆಯಲ್ಲಿ ಯಾವ ಅವಧಿಯಲ್ಲಿ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಅವಧಿವಾರು ಪಟ್ಟಿ ಇಡಲು ಹೇಳಿದೆ. ಅದನ್ನೇ ನಾವು ನಮ್ಮ ಅಳತೆಗೆ ಕತ್ತರಿಸಿಕೊಂಡೆವು. ಕಾರ್ಯದರ್ಶಿಗಳು ಪ್ರತಿ ತಿಂಗಳ ಸಭೆಗೆ ಒಂದು ಹಾಳೆ ತರುತ್ತಾರೆ. ಬರುವ ಆರು ತಿಂಗಳಲ್ಲಿ ಯಾವ ತಿಂಗಳು ಯಾರ ಠೇವಣಿ ಮುಗಿಯುತ್ತದೆ, ಗೊಬ್ಬರಕ್ಕೆ ಎಷ್ಟು ಬೇಕು, ಜಿಲ್ಲಾ ಬ್ಯಾಂಕಿಗೆ ಎಷ್ಟು ಕಟ್ಟಬೇಕು, ಹೆಸರು, ಹತ್ತಿ, ಕಡಲಿ ಮಾರಿದಾಗ ಎಷ್ಟು ವಸೂಲಿ ಬಂದೀತು. ಸುಸ್ತಿಯನ್ನು ಆಸ್ತಿಯ ಕಡೆ ಬೇರೆ ಸಾಲಿನಲ್ಲಿ ಬರೆಯುತ್ತೇವೆ, ಅನುಪಾತಕ್ಕೆ ಎಣಿಸುವುದಿಲ್ಲ. ಅಲ್ಪಾವಧಿ ಠೇವಣಿಯಿಂದ ಕಟ್ಟಡ ಕಟ್ಟಬಾರದೆಂದು ಠರಾವು ಮಾಡಿದ್ದೇವೆ. ಆ ಠರಾವಿಗೆ ಇಬ್ಬರು ನಿರ್ದೇಶಕರ ವಿರೋಧ ಇತ್ತು, ಈಗಲೂ ಇದೆ. ಸಂಘ ಬೆಳೆಯುವುದು ಹೇಗೆ ಎಂಬುದು ಅವರ ವಾದ, ಅದರಲ್ಲೂ ಸ್ವಲ್ಪ ಸತ್ಯ ಇರಬಹುದು.

ಈ ಸಲದ ಮಾರ್ಚ್ 31ರ ತಖ್ತೆಯನ್ನು ಸಂಘದ ಬಾಗಿಲ ಎಡಗಡೆ ಗೋಡೆಗೆ ಹಚ್ಚಿದೆ. ಚಾಲ್ತಿ ಆಸ್ತಿಗೂ ಚಾಲ್ತಿ ಜವಾಬ್ದಾರಿಗೂ ಕೆಂಪು ಗೆರೆ ಎಳೆಸಿದ್ದೇವೆ. ಜೂನ್ ಕೊನೆಯ ಲೆಕ್ಕವನ್ನೂ ಅದರ ಪಕ್ಕದಲ್ಲಿ ಹಚ್ಚಲು ಹೇಳಿದ್ದೇವೆ, ಏಕೆಂದರೆ ನಮ್ಮ ನಿಜವಾದ ಬಿಗಿ ತಿಂಗಳು ಅದೇ. ಭಾಗಾಕಾರವನ್ನು ನಾವು ಮಾಡಿ ಬರೆದಿಲ್ಲ. ಸದಸ್ಯರು ತಾವೇ ಮಾಡಿ ನೋಡಿ ಮಹಾಸಭೆಗೆ ಬರಬೇಕಾಗಿ ವಿನಂತಿ.